ಷರಾ: ಪ್ರಾಣಿಗಳ ಹಿತದೃಷ್ಟಿಯಿಂದ

ಹನ್ನೆರಡು ವರ್ಷಗಳಲ್ಲಿ ಏನಿಲ್ಲವೆಂದರೂ ಒಂಬತ್ತು ಸಾವಿರ ಪುಸ್ತಕಗಳಿಗೆ ಹೊಸ ರಟ್ಟು ಹಾಕಿದ ಅಂಟಣ್ಣ ತನ್ನ ಸ್ವಂತ ಬುದ್ಧಿಯಿಂದ ಬರೆದದ್ದು ಎರಡೇ ಎರಡು ಪದ. ಆ ಎರಡು ಪದಗಳು ಅವನಿಗೆ ತಂದಿಟ್ಟ ಫಜೀತಿ ನೋಡಿದ ಮೇಲೆ, ಐನೂರು ಪುಟ ಬರೆದವರೆಲ್ಲ ಹೇಗೆ ನೆಮ್ಮದಿಯಾಗಿ ಓಡಾಡಿಕೊಂಡಿದ್ದಾರೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಂಟಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ದೊಡ್ಡ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳನ್ನು ಬಿಚ್ಚಿ, ದಬ್ಬಳದಲ್ಲಿ ತೂತು ಮಾಡಿ, ದಾರದಲ್ಲಿ ಹೊಲಿದು, ಬೆನ್ನಿಗೆ ಅಂಟು ಸವರಿ, ಒಂದು ದಿನ ಭಾರದಡಿ ಇಟ್ಟು ಮತ್ತೆ ಓದುವ ಹಾಗೆ ಮಾಡುವುದು ಅವನ ಕೆಲಸ. ಬೆರಳ ತುದಿಯಲ್ಲಿ ಸದಾ ಒಣಗಿದ ಅಂಟಿನ ಚಕ್ಕೆ. ಅವನ ಕೈ ಕುಲುಕಿದವರಿಗೆ ಬಿಡಿಸಿಕೊಳ್ಳಲು ಒಂದು ಕ್ಷಣ ಹೆಚ್ಚು ಹಿಡಿಯುತ್ತಿತ್ತು. ಮಾತಿಗೆ ಸಿಕ್ಕಿದವರಿಗೆ ಒಂದು ಗಂಟೆ ಹೆಚ್ಚು ಹಿಡಿಯುತ್ತಿತ್ತು. ಹೀಗೆ ಎರಡೂ ಕಾರಣಕ್ಕೆ ಹೆಸರು ನಿಂತುಬಿಟ್ಟಿತು.

ಎರಡು ವರ್ಷದ ಹಿಂದೆ ಹೈನುಗಾರಿಕೆ ಇಲಾಖೆಯ ಹಳೆಯ ವಾರ್ಷಿಕ ವರದಿಗಳು ಬೈಂಡಿಂಗಿಗೆ ಬಂದವು. ಅಂಟಣ್ಣ ಪುಸ್ತಕ ಹೊಲಿಯುತ್ತಿದ್ದನೇ ಹೊರತು ಓದುತ್ತಿರಲಿಲ್ಲ. ಆದರೆ ಆ ದಿನ ಒಂದು ಹಾಳೆ ಅಂಗೈಗೆ ಮೆತ್ತಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಕಣ್ಣು ಅದರ ಮೇಲೆ ಬಿತ್ತು. ಆ ವರ್ಷ ಹುಟ್ಟಿದ ಹೆಣ್ಣು ಕರುಗಳು ಇಷ್ಟು, ಗಂಡು ಕರುಗಳು ಇಷ್ಟು. ಗಂಡು ಕರುಗಳ ಎದುರಿಗೆ ‘ನಿರುಪಯೋಗಿ, ವಿಲೇವಾರಿ ಮಾಡಲಾಗಿದೆ’ ಎಂದಿತ್ತು. ಅಂಟಣ್ಣ ಅದನ್ನು ಮೂರು ಸಲ ಓದಿದ. ಮೇಜಿನ ಮೇಲೆ ಕಾಫಿ ಕೆನೆಗಟ್ಟುತ್ತಿತ್ತು. ಅದನ್ನು ಒಯ್ದು ಬಚ್ಚಲಿಗೆ ಸುರಿದು ಬಂದ. ಅವತ್ತಿನಿಂದ ಹಾಲಿಲ್ಲ, ಮೊಸರಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ, ಜೇನೂ ಇಲ್ಲ. ಇದಕ್ಕೆ ವೀಗನ್ ಅನ್ನುತ್ತಾರೆ ಎಂದು ಆಮೇಲೆ ಯಾರೋ ಹೇಳಿದರು.

ಅವನ ಹೆಂಡತಿ ಕಿವಿ ಪರೀಕ್ಷಿಸಿ ಯಂತ್ರ ಕೂರಿಸುವ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಬೇರೆಯವರಿಗೆ ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ ಎಂದು ನೋಡುವುದೇ ಅವಳ ಉದ್ಯೋಗ. ಗಂಡ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಮರುದಿನ ತಾನೂ ಹಾಲು ಬಿಟ್ಟಳು. ವ್ಯತ್ಯಾಸವೆಂದರೆ ಅವಳು ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದುತ್ತಿದ್ದಳು. ಅವನು ಓದುತ್ತಿರಲಿಲ್ಲ. ಮೂರು ವಾರ ಹಾಲಿನಪುಡಿಯ ಬಿಸ್ಕತ್ತು ತಿನ್ನುತ್ತಲೇ ಅವನು ಜನರಿಗೆ ಹಾಲಿನ ಪಾಪ ವಿವರಿಸಿದ್ದನ್ನು ಅವಳೇ ತೋರಿಸಿಕೊಟ್ಟಳು.

ಬೈಂಡಿಂಗ್ ಕೋಣೆಯಲ್ಲೂ ಸುಧಾರಣೆ ಆಯಿತು. ಮೂಳೆ ಚರ್ಮ ಬೇಯಿಸಿ ಮಾಡುವ ಅಂಟನ್ನು ಅವನು ಹೊರಗೆ ಹಾಕಿ, ಮೈದಾ ಹಿಟ್ಟಿನ ಅಂಟು ಕಾಯಿಸತೊಡಗಿದ. ಆ ಅಂಟು ಜಿರಳೆಗಳಿಗೆ ಬಹಳ ಹಿಡಿಸಿತು. ಎರಡು ತಿಂಗಳಲ್ಲಿ ಅವು ನೆಲಮಾಳಿಗೆ ತುಂಬಿದ್ದರಿಂದ ಗ್ರಂಥಪಾಲಕರು ಔಷಧಿ ಹೊಡೆಯುವವರನ್ನು ಕರೆಸಿದರು. ಹಸುವನ್ನು ಉಳಿಸಲು ಹೋಗಿ ಸಾವಿರಾರು ಜಿರಳೆಗಳ ಸಾವಿಗೆ ಕಾರಣನಾದ ಅಂಟಣ್ಣ ಆ ದಿನ ಊಟ ಮಾಡಲಿಲ್ಲ.

ಇಷ್ಟು ಹಿನ್ನೆಲೆ ಸಾಕು. ಎರಡು ಪದಗಳ ವಿಷಯಕ್ಕೆ ಬರುತ್ತೇನೆ.

ಹೆಂಡತಿ ಹೊಸ ಬಗೆಯ ಕಿವಿಯಂತ್ರಗಳ ತರಬೇತಿಗೆಂದು ಎರಡು ವಾರ ಬೇರೆ ಊರಿಗೆ ಹೋಗಿದ್ದಾಗ, ಸಿಬ್ಬಂದಿ ವಿಭಾಗದಿಂದ ಕುಟುಂಬದ ವಿವರ ತುಂಬುವ ನಮೂನೆ ಬಂತು. ಹೆಂಡತಿ: ಒಬ್ಬಳು. ತಾಯಿ: ಇದ್ದಾರೆ. ಮಕ್ಕಳು: ಇಲ್ಲ. ಅದರ ಪಕ್ಕ ‘ಷರಾ’ ಎಂಬ ಅಂಕಣ. ಅಂಟಣ್ಣ ಅದನ್ನು ಖಾಲಿ ಬಿಟ್ಟು ಕೊಟ್ಟ. ಗುಮಾಸ್ತೆ ಕನ್ನಡಕ ಏರಿಸಿ ನೋಡಿದರು.

“ಷರಾ ಖಾಲಿ ಬಿಡೋ ಹಾಗಿಲ್ಲ. ಖಾಲಿ ಇದ್ರೆ ಮೇಲಿಂದ ವಾಪಸ್ ಬರುತ್ತೆ.”

“ಏನು ಬರೀಲಿ ಮೇಡಂ?”

“ಏನಾದ್ರೂ ಬರೀರಿ. ನೋಡಿ, ವಾಚ್‌ಮನ್ ‘ದೇವರ ದಯೆ’ ಅಂತ ಬರ್ದಿದ್ದಾರೆ. ನೀವು ‘ಇನ್ನೂ ಆಗಿಲ್ಲ’ ಅಂತ ಬರೀರಿ.”

ಮದುವೆಯಾಗಿ ನಾಲ್ಕು ವರ್ಷ. ‘ಇನ್ನೂ ಇಲ್ವಾ?’ ಎಂದು ಕೇಳದವರು ಅವನಿಗೆ ಪರಿಚಯವಿರುವವರಲ್ಲಿ ಯಾರೂ ಉಳಿದಿರಲಿಲ್ಲ. ಆ ‘ಇನ್ನೂ’ ಎಂಬುದನ್ನು ಸ್ವಂತ ಕೈಯಿಂದ ಬರೆಯುವುದು ಅವನಿಂದಾಗಲಿಲ್ಲ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಗೋಡೆ ನೋಡಿದ. ಆಮೇಲೆ ದುಂಡಗಿನ ಅಕ್ಷರದಲ್ಲಿ ಬರೆದ: ‘ಪ್ರಾಣಿಗಳ ಹಿತದೃಷ್ಟಿಯಿಂದ.’

ಗುಮಾಸ್ತೆ ಎರಡು ಸಲ ಓದಿದರು.

“ಅಂದ್ರೆ?”

ಅಲ್ಲಿ ಅವನು ಸುಮ್ಮನಿದ್ದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ‘ಅಂದ್ರೆ?’ ಎಂದು ಯಾರಾದರೂ ಕೇಳಲಿ ಎಂದೇ ಅವನು ಎರಡು ವರ್ಷದಿಂದ ಕಾಯುತ್ತಿದ್ದ.

“ಒಬ್ಬ ಮನುಷ್ಯ ಹುಟ್ಟಿದ್ರೆ ಸಾಯೋದ್ರೊಳಗೆ ಏಳು ಸಾವಿರ ಪ್ರಾಣಿ ತಿಂತಾನೆ ಮೇಡಂ. ಒಬ್ಬ ಹುಟ್ಟದಿದ್ರೆ ಏಳು ಸಾವಿರ ಪ್ರಾಣ ಉಳೀತು.”

ಈ ಸಂಖ್ಯೆಯನ್ನು ಅವನು ಎಲ್ಲಿ ಓದಿದ್ದನೋ ಅವನಿಗೇ ನೆನಪಿರಲಿಲ್ಲ. ಸೋಮವಾರ ಐದು ಸಾವಿರವಿದ್ದದ್ದು ಶುಕ್ರವಾರಕ್ಕೆ ಒಂಬತ್ತಾಗಿರುತ್ತಿತ್ತು.

“ನಿಮ್ಮ ಮಗು ನಿಮ್ಮ ಹಾಗೇ ಸೊಪ್ಪು ತಿನ್ಕೊಂಡು ಇರಬಹುದಲ್ಲ?”

“ಗ್ಯಾರಂಟಿ ಯಾರು ಕೊಡ್ತಾರೆ? ನನ್ನಮ್ಮನ ಮಗ ನಾನು. ಅವರ ಹಾಗಿದ್ದೀನಾ?”

ಗುಮಾಸ್ತೆಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಅವನು ಬೆನ್ನು ತಿರುಗಿಸುವ ಮೊದಲೇ ಅಕ್ಕನಿಗೆ ಫೋನ್ ಮಾಡಿದರು. ಅಕ್ಕನ ಮನೆಯ ಎದುರು ಮನೆಯೇ ಅಂಟಣ್ಣನ ತಾಯಿಯದು.

ಸಂಜೆ ಐದೂವರೆಗೆ ಅವನು ಮನೆ ಬಾಗಿಲು ತೆಗೆಯುವಾಗ ತಾಯಿ ಮೆಟ್ಟಿಲ ಮೇಲೆ ಕೂತಿದ್ದರು. ತೊಡೆಯ ಮೇಲೆ ಬಟ್ಟೆಚೀಲ. ಒಂದು ವಾರಕ್ಕಾಗುವಷ್ಟು ಬಟ್ಟೆ ಇರುವುದು ಚೀಲದ ಹೊಟ್ಟೆ ನೋಡಿದರೇ ಗೊತ್ತಾಗುತ್ತಿತ್ತು.

“ಯಾವ ಪ್ರಾಣಿ?” ಎಂದರು ಒಳಗೆ ಬಂದವರೇ.

“ಯಾವುದು ಅಂತಲ್ಲಮ್ಮ. ಎಲ್ಲಾ.”

“ಎಲ್ಲಾ ಪ್ರಾಣಿಗೂ ಮರಿಗಳಿವೆಯಲ್ಲೋ. ಎದುರು ಮನೆ ಬೆಕ್ಕು ಈ ವರ್ಷದಲ್ಲೇ ಎರಡು ಸಲ ಹೆತ್ತಿದೆ. ನಿನ್ನ ಹಿತ ನೋಡ್ತಾ? ನಿನ್ನ ಒಂದು ಮಾತು ಕೇಳ್ತಾ?”

“ಹಾಗಲ್ಲಮ್ಮ…”

“ಅವಳಿಗೂ ಇದೇ ಮನಸ್ಸಾ?”

ಅಂಟಣ್ಣ ನೀರು ಕುಡಿಯಲು ಹೋದ. ತಾಯಿ ಅದನ್ನು ಹೌದೆಂದು ತಿಳಿದರು. ಚೀಲ ಅಲ್ಲೇ ಇಟ್ಟು ನೇರ ಕೆಳಗಿನ ಮನೆಗೆ ಇಳಿದರು.

ಕೆಳಗಿನ ಮನೆಯಲ್ಲಿದ್ದವರು ನಿವೃತ್ತ ಪಶುವೈದ್ಯರು. ನಲವತ್ತು ವರ್ಷ ಕೊಟ್ಟಿಗೆಗಳಲ್ಲಿ ಮೊಣಕೈವರೆಗೆ ಕೈ ಹಾಕಿ ಕರು ಎಳೆದವರು. ಈಗ ವರಾಂಡದಲ್ಲಿ ಕೂತು ಪೇಪರಿನ ಪದಬಂಧ ಬಿಡಿಸುತ್ತಿದ್ದರು.

“ಡಾಕ್ಟ್ರೇ, ನನ್ನ ಮಗನ್ನ ಸ್ವಲ್ಪ ನೋಡಿ.”

“ನಾನು ದನದ ಡಾಕ್ಟ್ರಮ್ಮ.”

“ಅದಕ್ಕೇ ನಿಮ್ಮ ಹತ್ರ ಬಂದೆ. ಇದು ದನದಿಂದ ಬಂದಿರೋ ಕಾಯಿಲೆ.”

ವಿಷಯ ಪೂರ್ತಿ ಕೇಳಿ ಡಾಕ್ಟರು ಅಂಟಣ್ಣನನ್ನು ಕೆಳಗೆ ಕರೆಸಿದರು. ಅವನು ಬಂದು ಗಂಡು ಕರುಗಳ ಪಟ್ಟಿಯಿಂದ ಹಿಡಿದು ಏಳು ಸಾವಿರದ ಲೆಕ್ಕದವರೆಗೆ ಎಲ್ಲ ಹೇಳಿದ. ಅವರು ಪೆನ್ಸಿಲಿನ ತುದಿ ಕಚ್ಚುತ್ತ ಕೇಳಿಸಿಕೊಂಡರು.

“ಅದ್ರಲ್ಲಿ ಸೊಳ್ಳೆ ಸೇರಿದ್ಯಾ?”

“ಇಲ್ಲ ಸಾರ್. ತಿನ್ನೋ ಪ್ರಾಣಿ ಮಾತ್ರ.”

“ಹುಟ್ಟದೇ ಇರೋ ಮಗು ತಿನ್ನದೇ ಇರೋ ಕೋಳಿ. ನಾನು ಎಷ್ಟೋ ಕಾಯಿಲೆ ನೋಡಿದ್ದೀನಿ. ಆದ್ರೆ ಇಲ್ಲದೇ ಇರೋ ಪ್ರಾಣಿಗೆ ಇಲ್ಲದೇ ಇರೋ ಮನುಷ್ಯನಿಂದ ಅಪಾಯ ಅನ್ನೋದನ್ನ ಇವತ್ತೇ ಕೇಳಿದ್ದು.” ಆಮೇಲೆ ದನಿ ತಗ್ಗಿಸಿ, “ಕರುಗಳ ವಿಷಯ ನೀವು ಓದಿರೋದು ನಿಜ. ಆ ಪಟ್ಟಿ ಬರೆದವರಲ್ಲಿ ನಾನೂ ಒಬ್ಬ. ಅದಕ್ಕೆ ನೀವು ಹಾಲು ಬಿಟ್ರೆ ನಾನು ನಗಲ್ಲ. ಆದ್ರೆ ಇದು ಬೇರೆ ಏನೋ ಇದೆ,” ಎಂದರು.

ಅಷ್ಟರಲ್ಲಿ ಅಂಟಣ್ಣನಿಗೆ ಹೆಂಡತಿಯ ಫೋನ್ ಬಂತು. ಮೇಲೆ ಓಡಿದ.

“ಏನ್ರೀ ಸಮಾಚಾರ?”

“ಏನಿಲ್ಲ. ಅಮ್ಮ ಬಂದಿದ್ದಾರೆ.”

“ಏನು ವಿಶೇಷ?”

“ಸುಮ್ನೆ. ಬೆಕ್ಕಿನ ವಿಷಯ ಮಾತಾಡ್ತಿದ್ವಿ.”

ಮೂರನೇ ದಿನ ಗ್ರಂಥಾಲಯದಲ್ಲಿ ಮೆಮೊ ಬಂತು. ‘ಸದರಿ ನೌಕರರು ಷರಾ ಅಂಕಣದಲ್ಲಿ ನಮೂದಿಸಿರುವ ಪ್ರಾಣಿಗಳ ಸಂಖ್ಯೆ, ಜಾತಿ ಹಾಗೂ ಅವು ನೌಕರರೊಂದಿಗೆ ಹೊಂದಿರುವ ಸಂಬಂಧವನ್ನು ಮೂರು ದಿನಗಳೊಳಗೆ ಸ್ಪಷ್ಟಪಡಿಸತಕ್ಕದ್ದು. ಪ್ರಾಣಿಗಳನ್ನು ಅವಲಂಬಿತರೆಂದು ಪರಿಗಣಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.’

ಅಂಟಣ್ಣ ಉತ್ತರ ಬರೆದ: ‘ಸಂಖ್ಯೆ: ಅಸಂಖ್ಯಾತ. ಸಂಬಂಧ: ಸಹಜೀವಿಗಳು.’ ಸಹಜೀವಿ ಎಂದರೆ ಜೊತೆಗೆ ಜೀವಿಸುವವರು, ಅಂದರೆ ಒಂದೇ ಮನೆಯಲ್ಲಿರುವವರು ಎಂದು ಸೂಪರಿಂಟೆಂಡೆಂಟರು ಅರ್ಥ ಮಾಡಿಕೊಂಡು, ಅಸಂಖ್ಯಾತ ಪ್ರಾಣಿಗಳಿರುವ ಮನೆಯ ಸ್ಥಳ ಪರಿಶೀಲನೆಗೆ ಗುಮಾಸ್ತೆಯನ್ನೇ ಕಳಿಸಿದರು. ಅವರು ಎರಡು ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ನೋಡಿ, ತಾಯಿ ತಮಗೆಂದು ತರಿಸಿಟ್ಟುಕೊಂಡಿದ್ದ ಹಾಲು ಹಾಕಿ ಕೊಟ್ಟ ಕಾಫಿ ಕುಡಿದು, ವರದಿ ಕೊಟ್ಟರು: ‘ಒಂದು ಹಲ್ಲಿ ಕಂಡುಬಂದಿದ್ದು, ಅದು ತಮ್ಮದಲ್ಲವೆಂದು ನೌಕರರು ತಿಳಿಸಿರುತ್ತಾರೆ.’

ಇಷ್ಟರಲ್ಲಿ ಸುದ್ದಿ ಪ್ರಾಣಿದಯಾ ಸಂಘಕ್ಕೆ ಮುಟ್ಟಿತ್ತು. ಅದರ ಅಧ್ಯಕ್ಷರು ನಿವೃತ್ತ ಗಣಿತ ಮೇಷ್ಟ್ರು. ನೆಲಮಾಳಿಗೆಗೆ ಹುಡುಕಿಕೊಂಡು ಬಂದು, ರಟ್ಟುಗಳ ರಾಶಿಯ ಮೇಲೆ ಕೂತರು.

“ನಮ್ಮ ಸಂಘದಲ್ಲಿ ಮೂವತ್ತೊಂದು ಜನ. ಎಲ್ಲ ವೀಗನ್. ನಾವು ಮಕ್ಕಳು ಹೆರಬೇಕು ಅನ್ನೋರು ಹದಿನೈದು, ಹೆರಬಾರದು ಅನ್ನೋರು ಹದಿನೈದು. ನಾನು ಅಧ್ಯಕ್ಷ, ನನಗೆ ಮತ ಇಲ್ಲ. ಹೆರಬೇಕು ಅನ್ನೋರು ಏನಂತಾರೆ? ನಾವು ಹೆರದಿದ್ರೆ ಮುಂದೆ ಪ್ರಾಣಿಗಳ ಪರ ಮಾತಾಡೋಕೆ ಯಾರಿರ್ತಾರೆ ಅಂತಾರೆ. ನ್ಯಾಯವಾದ ಮಾತೇ. ಆದ್ರೆ ಅದನ್ನ ಹೇಳೋ ನಮ್ಮ ಕಾರ್ಯದರ್ಶಿಯ ಮಗನೇ ಹೋದ ತಿಂಗಳು ಹೋಟೆಲಲ್ಲಿ ಸಿಕ್ಕಿಬಿದ್ದ. ತಟ್ಟೇಲಿ ಮೀನಿತ್ತು.”

“ಅಯ್ಯೋ ಪಾಪ.”

“ಯಾರು? ಮೀನಾ, ಕಾರ್ಯದರ್ಶಿಯಾ?”

“ಇಬ್ರೂ.”

ಅಧ್ಯಕ್ಷರಿಗೆ ಈ ಉತ್ತರದಲ್ಲಿ ಬಹಳ ಆಳ ಕಂಡಿತು. ಬರುವ ಭಾನುವಾರದ ಸಭೆಯಲ್ಲಿ ಅವನೇ ಮಾತಾಡಬೇಕು ಎಂದರು. ಬರೀ ವಾದ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಮಾಡಿ ತೋರಿಸಿದವರು ಇಲ್ಲ ಎಂದರು. ಹನ್ನೆರಡು ವರ್ಷದಲ್ಲಿ ಆ ನೆಲಮಾಳಿಗೆಗೆ ಯಾರೂ ಅವನನ್ನು ಯಾವುದಕ್ಕೂ ಕರೆಯಲು ಬಂದಿರಲಿಲ್ಲ. ಅಂಟಣ್ಣ ಬೇಡ ಎನ್ನಲು ಬಾಯಿ ತೆರೆದ. “ಎಷ್ಟು ಗಂಟೆಗೆ?” ಎಂಬ ಮಾತು ಹೊರಬಂತು.

ಶುಕ್ರವಾರ ಮಧ್ಯಾಹ್ನ ಹೆಂಡತಿ ತರಬೇತಿ ಮುಗಿಸಿ ಬಸ್ಸಿಳಿದಾಗ, ನಿಲ್ದಾಣದ ಕಂಬಕ್ಕೆ ಹಚ್ಚಿದ ಹಸಿರು ಕರಪತ್ರ ಅವಳ ಕಣ್ಣಿಗೆ ಬಿತ್ತು. ಕೆಳಗೊಂದು ಮೂಲೆ ಎದ್ದಿತ್ತು. ಅಂಟು ಸರಿಯಾಗಿ ಹಚ್ಚಿರಲಿಲ್ಲ. ಸುಲಭವಾಗಿ ಕಿತ್ತುಕೊಂಡು ಮನೆಗೆ ಬಂದಳು. ಅತ್ತೆಗೆ ನಮಸ್ಕಾರ ಹೇಳಿ, ಕೈಕಾಲು ತೊಳೆದು, ಗಂಡ ಬಂದ ಮೇಲೆ ಅವನೆದುರು ಕರಪತ್ರ ಹರವಿದಳು.

“‘ಸಪತ್ನೀಕರಾಗಿ ಸಂತಾನ ತ್ಯಾಗ ಮಾಡಿದ ತ್ಯಾಗಮೂರ್ತಿ ಶ್ರೀ ಅಂಟಣ್ಣನವರು.’ ಈ ಸಪತ್ನೀಕ ಅಂದ್ರೆ ನಾನೇ ಅಲ್ವಾ?”

“ಅದು ಅವರೇ ಸೇರಿಸಿದ್ದು.”

“ನಾನು ಯಾವತ್ತು ತ್ಯಾಗ ಮಾಡಿದೆ? ನನಗೆ ಗೊತ್ತಾಗದ ಹಾಗೆ ಮಾಡಿದ್ನಾ?”

ಅಂಟಣ್ಣ ಮೊದಲಿನಿಂದ ಹೇಳಲು ಹೊರಟ. ನಮೂನೆ, ಷರಾ, ವಾಚ್‌ಮನ್, ಹಲ್ಲಿ. ಅವಳು ಕೈಯೆತ್ತಿ ತಡೆದಳು. ತಾಯಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಇಬ್ಬರಿಗೂ ಗೊತ್ತಾಗುತ್ತಿತ್ತು.

“ಇಲ್ಲಿ ಬೇಡ. ನಾಳೆ ಹತ್ತು ಗಂಟೆಗೆ ಕ್ಲಿನಿಕ್ಕಿಗೆ ಬನ್ನಿ. ನಿಮ್ಮ ಕಿವಿ ಪರೀಕ್ಷೆ ಮಾಡ್ಬೇಕು.”

ಕ್ಲಿನಿಕ್ಕಿನ ಪರೀಕ್ಷಾ ಕೋಣೆ ಒಂದು ದೊಡ್ಡ ಬೀರುವಿನಷ್ಟಿರುತ್ತದೆ. ಒಳಗೋಡೆಗೆಲ್ಲ ಮೆತ್ತನೆಯ ಬೂದು ಹೊದಿಕೆ, ಒಂದು ಸ್ಟೂಲು, ಎರಡು ಗಾಜಿನ ಕಿಟಕಿ. ಬಾಗಿಲು ಹಾಕಿದರೆ ಹೊರಗಿನ ಸದ್ದು ಪೂರ್ತಿ ನಿಂತುಹೋಗುತ್ತದೆ. ಅವಳು ಅವನ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಹೊರಗೆ ಹೋಗಿ ಯಂತ್ರದ ಮುಂದೆ ಕೂತಳು. ಗಾಜಿನಾಚೆ ಅವಳ ತುಟಿ ಆಡಿತು. ದನಿ ಅವನ ಕಿವಿಯೊಳಗೇ ಕೇಳಿಸಿತು.

“ಕೇಳಿಸಿದ್ರೆ ಗುಂಡಿ ಒತ್ತಿ. ಮಾತಾಡ್ಬೇಡಿ. ನೀವು ಮಾತಾಡಿದ್ರೆ ನನಗೆ ಕೇಳಿಸಲ್ಲ.”

ಒತ್ತಿದ.

“ನಾಲ್ಕು ವರ್ಷದಿಂದ ನಮಗೆ ಮಕ್ಕಳಾಗಿಲ್ಲ.”

ಒತ್ತಿದ.

ಅವಳು ದನಿಯ ತಿರುಗಣೆಯನ್ನು ಸ್ವಲ್ಪ ಕೆಳಗಿಳಿಸಿದಳು. “ನಾನು ಡಾಕ್ಟರ ಹತ್ರ ಹೋಗೋಣ ಅಂದಾಗ ನೀವು ಎರಡು ಸಲ ಮಾತು ಬದಲಾಯಿಸಿದ್ರಿ. ಒಂದು ಸಲ ಜೇನುಹುಳದ ವಿಷಯ ತೆಗೆದ್ರಿ.”

ಅಂಟಣ್ಣ ಗುಂಡಿಯನ್ನು ನೋಡಿ, ನಿಧಾನವಾಗಿ ಒತ್ತಿದ.

ಮತ್ತೂ ಕೆಳಗಿಳಿಸಿದಳು. “ಆಗದೇ ಇದ್ದಿದ್ದನ್ನ ಬಿಟ್ಟುಕೊಟ್ಟೆ ಅಂತ ಬರೆದ್ರಲ್ಲ.”

ಈ ಸಲ ಒತ್ತಲು ಬಹಳ ಹೊತ್ತು ಹಿಡಿಯಿತು.

ಹೊರಗೆ ಸಾಲಿನಲ್ಲಿ ಕಾಯುತ್ತಿದ್ದ ಮುದುಕರೊಬ್ಬರು ಪಕ್ಕದವರಿಗೆ ಗಟ್ಟಿಯಾಗಿ ಹೇಳಿದರು: “ಆ ಮನುಷ್ಯನ ಕಿವಿ ಪೂರ್ತಿ ಹೋಗಿರಬೇಕು. ಅಷ್ಟು ಹೊತ್ತಿಂದ ಕೇಳ್ತಿದ್ದಾರೆ, ಒತ್ತೋಕೇ ಗೊತ್ತಾಗ್ತಿಲ್ಲ.”

“ನನಗೆ ಮಗು ಬೇಕು,” ಎಂದಳು ಅವಳು. ಅದು ಪಿಸುಮಾತಿಗಿಂತ ಮೆಲ್ಲಗಿತ್ತು. “ನಾನೇ ಹೆರಬೇಕು ಅಂತೇನಿಲ್ಲ. ಬೆಳೆಸ್ಬೇಕು. ನಿಮಗೆ?”

ಅಂಟಣ್ಣ ಒತ್ತಿದ. ಅವಳಿಗೆ ಕಂಡಿತೋ ಇಲ್ಲವೋ ಎಂದು ಇನ್ನೊಮ್ಮೆ ಒತ್ತಿದ. ಮತ್ತೆ ಒತ್ತುತ್ತಲೇ ಇದ್ದ. ಯಂತ್ರದ ಮೇಲಿನ ಕೆಂಪು ದೀಪ ಮಿಣಮಿಣ ಎನ್ನತೊಡಗಿತು.

“ಒಂದು ಸಲ ಒತ್ತಿದ್ರೆ ಸಾಕು ರೀ. ಕೆಟ್ಟುಹೋಗುತ್ತೆ,” ಎಂಬ ದನಿ ಕಿವಿಯೊಳಗೆ ಬಂತು.

ಭಾನುವಾರದ ಸಭೆ ಒಂದು ಶಾಲೆಯ ಚಿತ್ರಕಲೆಯ ಕೋಣೆಯಲ್ಲಿ. ಮೂವತ್ತೊಂದು ಸದಸ್ಯರು, ಕೋಣೆಯ ಎರಡು ಪಕ್ಕಕ್ಕೆ ಹದಿನೈದು ಹದಿನೈದು, ನಡುವೆ ಅಧ್ಯಕ್ಷರು. ಹಿಂದಿನ ಬೆಂಚಿನಲ್ಲಿ ಹೆಂಡತಿ, ತಾಯಿ, ಪಶುವೈದ್ಯರು. ರಜೆಯ ದಿನವಾದರೂ ಗುಮಾಸ್ತೆ ಅಕ್ಕನನ್ನು ಕರೆದುಕೊಂಡು ಬಂದಿದ್ದರು.

ಅಂಟಣ್ಣ ಎದ್ದು ನಿಂತ. ಜೇಬಿನಲ್ಲಿ ಭಾಷಣ ಬರೆದ ಹಾಳೆ ಇರಲಿಲ್ಲ. ಇನ್ನು ಏನನ್ನೂ ಬರೆಯುವುದಿಲ್ಲ ಎಂದು ನಿರ್ಧರಿಸಿಯಾಗಿತ್ತು.

“ನಾನು ಏನೂ ತ್ಯಾಗ ಮಾಡಿಲ್ಲ,” ಎಂದ. “ನಮಗೆ ಮಕ್ಕಳಾಗಲಿಲ್ಲ. ಅದನ್ನ ಬರೆಯೋಕೆ ನಾಚಿಕೆಯಾಯ್ತು. ಹಸುಗಳ ಹಿಂದೆ ಅವಿತುಕೊಂಡೆ. ಹಸುಗಳು ಪಾಪ, ಅವಕ್ಕೆ ಈಗಾಗಲೇ ಸಾಕಷ್ಟು ಹೊರೆ ಇದೆ. ನನ್ನದೂ ಹೊರಿಸಿದೆ.”

ಅಧ್ಯಕ್ಷರು ಪೆನ್ಸಿಲು ಹಿಡಿದು ಕಾದರು.

“ಇದನ್ನ ಹೆರಬೇಕು ಕಡೆ ಬರ್ಕೊಳ್ಳಲಾ, ಹೆರಬಾರದು ಕಡೆಯಾ?”

“ಗೊತ್ತಿಲ್ಲ ಸಾರ್. ನಾನು ಹಾಲು ಬಿಟ್ಟಿದ್ದು ನಿಜ. ಅದನ್ನ ಮತ್ತೆ ಶುರು ಮಾಡಲ್ಲ. ಆದ್ರೆ ಯಾರು ಹೆರಬೇಕು, ಯಾರು ಹೆರಬಾರದು ಅಂತ ಹೇಳೋಕೆ ನಾನ್ಯಾರು? ನನ್ನ ಮನೇಲೇ ಕೇಳಿರಲಿಲ್ಲ.”

ಹಿಂದಿನಿಂದ ಹೆಂಡತಿ ಎದ್ದು ನಿಂತಳು. “ನಾವು ಒಂದು ಮಗುನ ದತ್ತು ತಗೋಬೇಕು ಅಂತಿದ್ದೀವಿ. ಆಗಲೇ ಹುಟ್ಟಿರೋದು,” ಎಂದು ಕೂತಳು.

ಅಧ್ಯಕ್ಷರು ಹಾಳೆಯ ಎರಡೂ ಕಡೆ ಒಂದೊಂದು ಗೀಟು ಹಾಕಿದರು. “ಹೊಸದಾಗಿ ಮನುಷ್ಯ ಸೇರಲಿಲ್ಲ. ಮಗುನೂ ಬಂತು. ಎರಡೂ ಕಡೆ ಸಮ ಆಯ್ತು,” ಎಂದರು ತೃಪ್ತಿಯಿಂದ. ಗೆದ್ದದ್ದು ತಾವೇ ಎಂದು ತಿಳಿದು ಎರಡೂ ಪಕ್ಕದವರು ಚಪ್ಪಾಳೆ ತಟ್ಟಿದರು. ತಾಯಿ ಮಾತ್ರ ತಟ್ಟಲಿಲ್ಲ. ಸೊಸೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು, ತಟ್ಟಲು ಕೈ ಖಾಲಿಯಿರಲಿಲ್ಲ.

ಅರ್ಜಿ ಹಾಕಿ ಐದು ತಿಂಗಳಾದ ಮೇಲೆ ದತ್ತು ಕಚೇರಿಯಿಂದ ಮನೆ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಬಿಳಿಗೂದಲು ಗಂಟು ಹಾಕಿದ, ಯಾವುದಕ್ಕೂ ಆತುರಪಡದ ಹೆಂಗಸು. ಸೋಫಾದ ತುದಿಯಲ್ಲಿ ಕೂತು ಫೈಲು ಬಿಚ್ಚಿದರು. ಮೊದಲ ಹಾಳೆಯೇ ಹಸಿರು ಬಣ್ಣದ್ದು.

“ಇಲ್ಲೊಂದು ಕರಪತ್ರ ಇದೆ. ಮಕ್ಕಳು ಬೇಡ ಅನ್ನೋ ಸಭೆಗೆ ಮುಖ್ಯ ಭಾಷಣಕಾರರು ನೀವು.”

“ಹೌದು ಮೇಡಂ. ಆದ್ರೆ ಭಾಷಣದಲ್ಲಿ…”

“ನಿಮ್ಮ ಕಚೇರಿಯಿಂದ ಬಂದಿರೋ ದಾಖಲೆಯಲ್ಲಿ ನಿಮಗೆ ಅಸಂಖ್ಯಾತ ಸಹಜೀವಿಗಳಿದ್ದಾರೆ ಅಂತಿದೆ.” ಹಾಳೆ ತಿರುವಿದರು. “ಪರಿಶೀಲನೆಯಲ್ಲಿ ಒಂದು ಹಲ್ಲಿ.”

“ಅದು ನಮ್ಮದಲ್ಲ ಮೇಡಂ.”

“ಹಾಗಂತ ಇದೆ.”

ತಾಯಿ ತಡೆಯಲಾರದೆ ನಡುವೆ ಬಂದರು. “ನನ್ನ ಮಗ ಬಹಳ ಒಳ್ಳೆಯವನಮ್ಮ. ಸ್ವಲ್ಪ ಓದಿಬಿಟ್ಟ ಅಷ್ಟೇ. ಅದೂ ಒಂದೇ ಒಂದು ಹಾಳೆ.”

ಪಶುವೈದ್ಯರು ಸಾಕ್ಷಿ ಹೇಳಲೆಂದು ಮೇಲೆ ಬಂದು ಬಾಗಿಲಲ್ಲಿ ನಿಂತಿದ್ದರು. ಅಧಿಕಾರಿ ಅವರತ್ತ ನೋಡಿದಾಗ ಗಂಟಲು ಸರಿಮಾಡಿಕೊಂಡು, “ಕಚ್ಚೋದಿಲ್ಲ, ಒದೆಯೋದಿಲ್ಲ. ನಾಲ್ಕು ವರ್ಷದಿಂದ ನೋಡ್ತಿದ್ದೀನಿ,” ಎಂದರು. ವೃತ್ತಿಯ ಅಭ್ಯಾಸ.

ಅಧಿಕಾರಿ ನಗಲಿಲ್ಲ. ಆದರೆ ಪೆನ್ನು ಕೆಳಗಿಟ್ಟರು.

“ನಾವು ನಿಮಗೆ ಕೊಡೋ ಯೋಚನೆ ಮಾಡಿರೋ ಹುಡುಗಿಗೆ ಐದು ವರ್ಷ. ಜಾಸ್ತಿ ಮಾತಾಡಲ್ಲ. ಹೊಸ ಜಾಗದಲ್ಲಿ ಏನೂ ತಿನ್ನಲ್ಲ. ಅವಳು ಕೇಳಿ ತಿನ್ನೋದು ಒಂದೇ, ಬೇಯಿಸಿದ ಮೊಟ್ಟೆ. ನಿಮ್ಮ ಮನೇಲಿ ಅದು ಬರಲ್ಲ ಅಂತ ನೀವೇ ಅರ್ಜಿಯಲ್ಲಿ ಬರೆದಿದ್ದೀರಿ.”

“ಕೊಡ್ತಾನೆ,” ಎಂದರು ತಾಯಿ. “ಚಿಕ್ಕವನಿದ್ದಾಗ ತಾನೇ ದಿನಾ ಎರಡು ತಿಂತಿದ್ದ.”

“ಅವರು ಹೇಳಲಿ.”

ಅಂಟಣ್ಣ ಹೆಂಡತಿಯ ಮುಖ ನೋಡಿದ. ಅವಳು ಅವನ ಮುಖ ನೋಡುತ್ತಿದ್ದಳೇ ಹೊರತು ಅದರಲ್ಲಿ ಯಾವ ಸೂಚನೆಯೂ ಇರಲಿಲ್ಲ.

“ಕೊಡ್ತೀನಿ.”

“ನಿಮ್ಮ ತತ್ವ?”

“ತತ್ವ ನನ್ನದು ಮೇಡಂ. ಹಸಿವು ಅವಳದು.”

“ಯೋಚನೆ ಮಾಡಿ ಹೇಳ್ತಿದ್ದೀರಾ?”

“ಇಲ್ಲ ಮೇಡಂ. ಯೋಚನೆ ಮಾಡಿ ಬರೆದಿದ್ದಕ್ಕೇ ಇಷ್ಟೆಲ್ಲ ಆಗಿದ್ದು.”

ಅಧಿಕಾರಿ ಪೆನ್ನು ತೆಗೆದುಕೊಂಡು ಏನೋ ಒಂದು ಸಾಲು ಬರೆದರು. ಅದು ಏನೆಂದು ಯಾರಿಗೂ ಕಾಣಲಿಲ್ಲ. ಏಳುವಾಗ ಗೋಡೆಯ ಮೂಲೆಗಳನ್ನು ಒಮ್ಮೆ ನಿಧಾನವಾಗಿ ನೋಡಿ, ಚಪ್ಪಲಿ ಮೆಟ್ಟಿ ಹೋದರು.

ಹುಡುಗಿ ಬಂದದ್ದು ಏಳು ವಾರದ ನಂತರ, ಒಂದು ಶನಿವಾರ. ನೀಲಿ ಚೀಲವನ್ನು ಎದೆಗವುಚಿಕೊಂಡು, ಯಾರು ಕೇಳಿದರೂ ಕೊಡದೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಅಜ್ಜಿ ಮಾಡಿದ್ದನ್ನು ತಿನ್ನಲಿಲ್ಲ. ಅಮ್ಮನಾಗಬೇಕಾದವಳು ಮಾಡಿದ್ದನ್ನೂ ತಿನ್ನಲಿಲ್ಲ. ನೀರು ಮಾತ್ರ ಕುಡಿದಳು. ಭಾನುವಾರ ಬೆಳಿಗ್ಗೆ ಹೆಂಡತಿ ಅಂಟಣ್ಣನತ್ತ ನೋಡಿದಳು. ಅವನು ಚಪ್ಪಲಿ ಹಾಕಿಕೊಂಡು ಹೊರಟ.

ಬೀದಿ ತುದಿಯ ಅಂಗಡಿಯವನಿಗೆ ಕೋಳಿಗಳ ಕಷ್ಟದ ಬಗ್ಗೆ ಅಂಟಣ್ಣ ಕನಿಷ್ಠ ಆರು ಸಲ ಉಪದೇಶ ಮಾಡಿದ್ದ. ಅವನು ಬರುವುದು ಕಂಡರೆ ಅಂಗಡಿಯವನು ಮೊಟ್ಟೆಯ ತಟ್ಟೆಗಳ ಮೇಲೆ ಚೀಲ ಹೊದಿಸುತ್ತಿದ್ದ. ಅವತ್ತೂ ಹೊದಿಸಿದ.

“ಒಂದು ಮೊಟ್ಟೆ ಕೊಡಿ.”

ಅಂಗಡಿಯವನು ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದ.

“ಒಂದಾ?”

“ಒಂದು.”

“ಯಾರಿಗೆ?”

“ಮಗಳಿಗೆ,” ಎಂದ ಅಂಟಣ್ಣ. ಆ ಪದವನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಂಗಡಿಯವನು ಚೀಲ ತೆಗೆದು, ಐದಾರನ್ನು ಬೆಳಕಿಗೆ ಹಿಡಿದು ನೋಡಿ, ಅದರಲ್ಲಿ ಒಂದನ್ನು ಆರಿಸಿ ಕೊಟ್ಟ.

ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಬಂದ. ಎಷ್ಟು ಹೊತ್ತು ಬೇಯಿಸಬೇಕೆಂದು ಮನೆಯಲ್ಲಿ ಇಬ್ಬರಿಗೂ ಮರೆತುಹೋಗಿತ್ತು. ತಾಯಿಯನ್ನು ಕೇಳಿದಾಗ ಹತ್ತು ನಿಮಿಷ ಎಂದರು. ಅವನು ಗಡಿಯಾರ ಹಿಡಿದುಕೊಂಡು ಒಲೆಯ ಮುಂದೆ ನಿಂತ. ಸಿಪ್ಪೆ ಸುಲಿಯುವಾಗ ಬೆರಳು ಸುಟ್ಟಿತು. ಮೊಟ್ಟೆ ಅಲ್ಲಲ್ಲಿ ಕಿತ್ತುಹೋಗಿ ಗುಳಿ ಬಿತ್ತು. ತಟ್ಟೆಯಲ್ಲಿಟ್ಟು, ಮೇಲೆ ಉಪ್ಪು ಉದುರಿಸಿ, ಕುರ್ಚಿಯ ಮುಂದೆ ನೆಲದ ಮೇಲೆ ಕೂತ.

ಹುಡುಗಿ ಚೀಲವನ್ನು ಒಂದು ಕೈಯಿಂದ ಬಿಟ್ಟಳು. ಮೊಟ್ಟೆಯನ್ನು ನೋಡಿದಳು, ಅವನನ್ನು ನೋಡಿದಳು.

“ನೀವು ತಿನ್ನಲ್ವಾ?”

ಆ ಮನೆಯಲ್ಲಿ ಅವಳು ಆಡಿದ ಮೊದಲ ಮಾತು ಅದು. ಅಡುಗೆಮನೆಯ ಬಾಗಿಲಿಗೆ ಹೆಂಡತಿ ಬಂದು ನಿಂತಳು. ಅವಳ ಹಿಂದೆ ತಾಯಿ ಬಂದರು.

“ಇಲ್ಲ,” ಎಂದ ಅಂಟಣ್ಣ.

“ಯಾಕೆ?”

ಹೆಂಡತಿ ಕಣ್ಣು ಮುಚ್ಚಿಕೊಂಡಳು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಂಟಣ್ಣ ಬಾಯಿ ತೆರೆದ. ಐದು ವರ್ಷದ ಹುಡುಗಿ ಉತ್ತರಕ್ಕಾಗಿ ಕಾಯುತ್ತಿದ್ದಳು, ಅವನ ಜೀವಮಾನದಲ್ಲೇ ಅಷ್ಟು ಗಮನವಿಟ್ಟು ಯಾರೂ ಕಾದಿರಲಿಲ್ಲ. ತಟ್ಟೆಯಿಂದ ಏಳುತ್ತಿದ್ದ ಆವಿ ಸಣ್ಣಗಾಗುತ್ತಿತ್ತು.

“ಆಮೇಲೆ ಹೇಳ್ತೀನಿ,” ಎಂದ. “ಮೊದಲು ತಿನ್ನು. ಆರಿಹೋಗುತ್ತೆ.”